ಒಡೆದ ಕಲ್ಲು, ಕೊರೆದ ತೂತು: ಸನ್ನತಿಯ ಸ್ತೂಪವನ್ನು ಮತ್ತೆ ಕಟ್ಟುವಾಗ

1986ರಲ್ಲಿ ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಒಂದು ಗುಡಿಯ ಮಾಳಿಗೆ ಕುಸಿದು ಬಿತ್ತು. ಭೀಮಾ ನದಿಯ ದಂಡೆಯಲ್ಲಿ ಚಂದ್ರಲಾಂಬಾ ದೇವಸ್ಥಾನ ಇದೆಯಲ್ಲ, ಅದರ ಆವರಣದೊಳಗಿನ ಕಾಳಿಯ ಗುಡಿ ಅದು. ಮಾಳಿಗೆ ಬಿದ್ದ ಹೊಡೆತಕ್ಕೆ ಮೂರ್ತಿಯೂ ಒಡೆಯಿತು. ನಮ್ಮ ಹಳ್ಳಿಗಳಲ್ಲಿ ಹಳೆಯ ಗುಡಿ ಬೀಳುವುದು ದೊಡ್ಡ ಸುದ್ದಿಯಲ್ಲ. ನಾಲ್ಕು ದಿನ ಜನ ಮಾತಾಡ್ತಾರೆ, ಐದನೇ ದಿನ ಪಟ್ಟಿ ಎತ್ತೋಕೆ ಶುರು ಮಾಡ್ತಾರೆ. ಆದರೆ ಸನ್ನತಿಯಲ್ಲಿ ಬಿದ್ದ ಕಲ್ಲುಮಣ್ಣಿನ ಕೆಳಗೆ ಬೇರೆಯೇ ಒಂದು ಸಂಗತಿ ಕಾದು ಕೂತಿತ್ತು. ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲಿನ ಮೈತುಂಬ ಅಕ್ಷರ. ಒಂದು ಮಗ್ಗುಲಲ್ಲಷ್ಟೇ ಅಲ್ಲ, ಎರಡೂ ಮಗ್ಗುಲಲ್ಲಿ. ಅದು ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಬರೆಸಿದವನು ಮೌರ್ಯರ ಅಶೋಕ.

ಆ ಕಲ್ಲಿನ ನಡುವೆ ಒಂದು ಚೌಕದ ತೂತು. ಮೂರ್ತಿಯ ಬುಡದ ಗೂಟ ಕೂರಲಿ ಅಂತ ಕೊರೆದದ್ದು. ಅದನ್ನು ಕೊರೆದಾಗ ಅಲ್ಲಿದ್ದ ಅಕ್ಷರಗಳು ಪುಡಿಯಾಗಿ ಹೋದವು. ಹೋದ ಅಕ್ಷರಗಳನ್ನು ವಿದ್ವಾಂಸರು ಬೇರೆ ಕಡೆಯ ಶಾಸನಗಳ ಜೊತೆ ಹೋಲಿಸಿ ಊಹಿಸಿಕೊಳ್ಳಬೇಕಾಯಿತು.

ಈಗ ಆ ಕಲ್ಲಿನಲ್ಲಿ ಏನಿತ್ತು ನೋಡಿ. ಅಶೋಕನ ಹದಿನಾಲ್ಕು ಬಂಡೆ ಶಾಸನಗಳಲ್ಲಿ ಹನ್ನೆರಡನೆಯದು, ಹದಿನಾಲ್ಕನೆಯದು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಈ ಎರಡು ಪ್ರತ್ಯೇಕ ಶಾಸನಗಳು ಅದಕ್ಕೆ ಮೊದಲು ಗೊತ್ತಿದ್ದದ್ದು ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಅಂತ ಅಶೋಕ ಹೇಳುವುದು ಅಲ್ಲಿಯೇ. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬಾರದು, ಹಿಂಸಿಸಬಾರದು ಅಂತ ತನ್ನ ಅಧಿಕಾರಿಗಳಿಗೆ ಎಚ್ಚರಿಕೆ ಕೊಡುವುದೂ ಅಲ್ಲಿಯೇ. ಇನ್ನು ಹನ್ನೆರಡನೆಯ ಶಾಸನ ಹೇಳುವುದೇನು? ನಿನ್ನ ಪಂಥವನ್ನು ಹೊಗಳುವ ಭರದಲ್ಲಿ ಇನ್ನೊಬ್ಬರ ಪಂಥವನ್ನು ತೆಗಳಬೇಡ, ಹಾಗೆ ತೆಗಳಿದರೆ ನಿನ್ನ ಪಂಥಕ್ಕೇ ಕೇಡು ಮಾಡಿದಂತೆ ಅಂತ. ಈ ಮಾತು ಬರೆದ ಕಲ್ಲನ್ನು ತಂದು, ನಡುವೆ ತೂತು ಕೊರೆದು, ಇನ್ನೊಂದು ದೇವರ ಕಾಲಡಿಗೆ ಹಾಕಿದ್ದರು. ಇದಕ್ಕಿಂತ ದೊಡ್ಡ ವ್ಯಂಗ್ಯವನ್ನು ಯಾವ ನಾಟಕಕಾರನೂ ಬರೆಯಲಾರ.

ಆದರೆ ಒಂದು ಮಾತು ಹೇಳಿಬಿಡಬೇಕು. ಆ ತೂತು ಕೊರೆದ ಕಲ್ಲುಕುಟಿಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಅದು ಒಂದು ಗಟ್ಟಿ ಕಲ್ಲು, ಅಷ್ಟೆ. ಅವನಿಗೆ ಅಕ್ಷರವನ್ನೇ ಕೊಟ್ಟಿರಲಿಲ್ಲ, ಅಶೋಕನ ಅಕ್ಷರ ಎಲ್ಲಿಂದ ಬರಬೇಕು? ಅಕ್ಷರ ತಮ್ಮಪ್ಪನ ಆಸ್ತಿ ಎಂದುಕೊಂಡಿದ್ದವರಿಗಾದರೂ ಅದು ಓದಲು ಬರುತ್ತಿತ್ತೇ? ಇಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿ ತೋರಿಸುವ ತನಕ ಈ ದೇಶದ ಯಾವ ಶಾಸ್ತ್ರಿಗೂ, ಯಾವ ಪಂಡಿತನಿಗೂ ಅಶೋಕ ಬರೆಸಿದ್ದು ಏನು ಅಂತ ಗೊತ್ತಿರಲಿಲ್ಲ. ಸಾವಿರಾರು ವರ್ಷ ವೇದವನ್ನು ಒಂದು ಸ್ವರವೂ ತಪ್ಪದ ಹಾಗೆ ಬಾಯಿಪಾಠ ಮಾಡಿ ಉಳಿಸಿಕೊಂಡ ನಾಡು ಇದು. ಅದೇ ನಾಡು ಎಲ್ಲರೂ ನನ್ನ ಮಕ್ಕಳು ಎಂದವನ ಲಿಪಿಯನ್ನು ಮರೆತುಬಿಟ್ಟಿತು. ನೆನಪೂ ಹೀಗೆ ಪಾಲಾಗುತ್ತದೆ, ಹೊಲ ಪಾಲಾದ ಹಾಗೆ. ಕೆಲವರಿಗೆ ನೀರಾವರಿ, ಕೆಲವರಿಗೆ ಬೀಳು.

ಅಶೋಕನ ನೆನಪು ಮತ್ತೆ ಸಿಕ್ಕಿದ್ದರಲ್ಲಿ ನಮ್ಮ ನಾಡಿನ ಪಾಲು ಸಣ್ಣದೇನಲ್ಲ. 1892ರಲ್ಲಿ ಬಿ.ಎಲ್. ರೈಸ್ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದ ಶಾಸನಗಳನ್ನು ಕಂಡರು. ಆದರೂ ಒಂದು ಅನುಮಾನ ಉಳಿದಿತ್ತು. ಶಾಸನಗಳಲ್ಲೆಲ್ಲ ‘ದೇವಾನಂಪ್ರಿಯ’ ಎಂಬ ಬಿರುದೇ ಹೊರತು ಹೆಸರಿಲ್ಲ. ಹಾಗಾದರೆ ಈ ದೇವಾನಂಪ್ರಿಯ ಯಾರು? 1915ರಲ್ಲಿ ಬೀಡನ್ ಎನ್ನುವ ಚಿನ್ನದ ಗಣಿಯ ಎಂಜಿನಿಯರ್ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಒಂದು ಬಂಡೆಯ ಬರಹ ಕಂಡ. ಅದರಲ್ಲಿ ಅಶೋಕ ಅನ್ನುವ ಹೆಸರೇ ಇತ್ತು. ಹೆಸರು ಮಸ್ಕಿಯಲ್ಲಿ ಸಿಕ್ಕಿತು. ಮುಖ ಸಿಕ್ಕಿದ್ದು ಸನ್ನತಿಯ ಮಗ್ಗುಲಿನ ಕನಗನಹಳ್ಳಿಯಲ್ಲಿ. ಎರಡೂ ಹಿಂದುಳಿದ ಸೀಮೆ ಅಂತ ಬೆಂಗಳೂರಿನವರು ಮೂಗು ಮುರಿಯುವ ಬಿಸಿಲನಾಡಿನಲ್ಲೇ.

ಸನ್ನತಿಯಲ್ಲಿ ಬೌದ್ಧ ಅವಶೇಷಗಳಿವೆ ಎಂಬುದನ್ನು 1950ರ ದಶಕದಲ್ಲೇ ಕಪಟರಾಳ ಕೃಷ್ಣರಾಯರು ಎತ್ತಿ ತೋರಿಸಿದ್ದರು. ಆಮೇಲೆ ಎಷ್ಟೋ ವರ್ಷ ಹೊಲಗಳಲ್ಲಿ ಕೆತ್ತಿದ ಕಲ್ಲು ನೇಗಿಲಿಗೆ ಸಿಗುವುದು, ದಿಬ್ಬಗಳು ಹಾಗೇ ಇರುವುದು ನಡೆದೇ ಇತ್ತು. 1994ರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಕೆ.ಪಿ. ಪೂಣಚ್ಚ ಅವರ ನೇತೃತ್ವದಲ್ಲಿ ಕನಗನಹಳ್ಳಿಯ ದಿಬ್ಬವನ್ನು ಅಗೆದರು. ಒಳಗಿದ್ದದ್ದು ಒಂದು ಮಹಾಸ್ತೂಪ. ಸುಮಾರು ಕ್ರಿ.ಪೂ. ಮೂರನೇ ಶತಮಾನದಿಂದ ಕ್ರಿ.ಶ. ಮೂರನೇ ಶತಮಾನದ ತನಕ ಜನ ಕಟ್ಟುತ್ತ, ಬೆಳೆಸುತ್ತ, ಪೂಜಿಸುತ್ತ ಬಂದ ಸ್ತೂಪ. ಶಾಸನಗಳಲ್ಲಿ ಅದಕ್ಕೆ ‘ಅಧೋಲೋಕ ಮಹಾಚೈತ್ಯ’ ಎಂಬ ಹೆಸರಿದೆ ಅಂತ ಅಗೆದವರು ಓದಿದರು. ಕೆಳಗಿನ ಲೋಕದ ಮಹಾಚೈತ್ಯ! ಈ ಪದವನ್ನು ಬೇರೆ ರೀತಿ ಓದುವವರೂ ಇದ್ದಾರೆ. ನನಗಂತೂ ಕೆಳಗಿನ ಲೋಕ ಅನ್ನೋದೇ ಹಿಡಿಸಿದೆ.

ಸ್ತೂಪ ಅಂದರೆ ನೋಡದವರಿಗೆ ಹೇಳಬೇಕು. ಅದು ಒಳಹೊಕ್ಕು ಕೈಮುಗಿಯುವ ಗುಡಿಯಲ್ಲ. ಅದಕ್ಕೆ ಗರ್ಭಗುಡಿ ಇಲ್ಲ, ಆದ್ದರಿಂದ ಯಾರು ಒಳಗೆ ಯಾರು ಹೊರಗೆ ಎಂಬ ಜಗಳವೂ ಇಲ್ಲ. ಬೋರಲು ಹಾಕಿದ ಬಟ್ಟಲಿನಂಥ ದೊಡ್ಡ ಗುಮ್ಮಟ, ಅದರ ಸುತ್ತ ನಡೆದಾಡುವ ದಾರಿ. ಬಂದವರೆಲ್ಲ ಸುತ್ತು ಬರಬೇಕು, ಎಲ್ಲರೂ ಹೊರಗಿನವರೇ. ಕನಗನಹಳ್ಳಿಯ ಗುಮ್ಮಟಕ್ಕೆ ಹೊದಿಸಿದ್ದ ಕೆತ್ತನೆಯ ಹಾಸುಗಲ್ಲುಗಳು ಸುಮಾರು 60 ಸಿಕ್ಕವು. ಒಂದೊಂದರ ಮೇಲೂ ಕಥೆ. ಜಾತಕದ ಕಥೆ, ಬುದ್ಧನ ಬದುಕು. ಹೆಚ್ಚಿನ ಕಡೆ ಬುದ್ಧನ ಮೈ ಇಲ್ಲ. ಖಾಲಿ ಪೀಠ, ಮರ, ಪಾದದ ಗುರುತು ಅಷ್ಟೆ. ಪಕ್ಕದಲ್ಲಿ ಚಿತ್ರ ಯಾವುದು ಅಂತ ಹೇಳುವ ಬ್ರಾಹ್ಮಿ ಬರಹ. ನಮ್ಮ ಶಾಲೆಯ ಗೋಡೆಯ ಮೇಲಿನ ಚಿತ್ರಪಟದ ಹಾಗೆ, ಕೆಳಗೊಂದು ಹೆಸರು.

ಹೀಗೆ ಹೆಸರು ಬರೆದಿದ್ದ ಒಂದು ಕಲ್ಲಿನಲ್ಲಿ ಒಬ್ಬ ರಾಜ ನಿಂತಿದ್ದಾನೆ. ತಲೆಯ ಮೇಲೆ ಕೊಡೆ ಹಿಡಿದಿದ್ದಾರೆ, ಚಾಮರ ಬೀಸುವ ಹೆಂಗಸರಿದ್ದಾರೆ, ಪಕ್ಕದಲ್ಲಿ ರಾಣಿ. ಮೇಲೆ ಬರೆದಿದೆ: ‘ರಾಯೋ ಅಸೋಕೋ’. ರಾಜ ಅಶೋಕ. ಹೆಸರು ಬರೆದು ತೋರಿಸಿದ ಅಶೋಕನ ಮೊದಲ ಚಿತ್ರ ಇದು. ಹಾಗಂತ ಇದು ಅವನ ಮುಖದ ಅಚ್ಚು ಅಂತ ತಿಳಿಯಬಾರದು. ಅಶೋಕ ಸತ್ತು ಇನ್ನೂರು ವರ್ಷದ ಆಚೆಗೆ, ಸಾತವಾಹನರ ಕಾಲದ ಶಿಲ್ಪಿ ಜನರ ನೆನಪಿನಲ್ಲಿದ್ದ ಅಶೋಕನನ್ನು ಕೆತ್ತಿದ್ದಾನೆ. ನನಗೆ ಅದೇ ಹೆಚ್ಚು ಬೆಲೆಯದು ಅನ್ನಿಸುತ್ತದೆ. ಪಾಟಲಿಪುತ್ರದಿಂದ ಇಷ್ಟು ದೂರದ ಭೀಮಾ ತೀರದಲ್ಲಿ, ವಂಶ ಅಳಿದ ಮೇಲೂ, ಜನ ಅವನನ್ನು ನೆನೆದರು. ಹಣ ಕೊಟ್ಟು ಕೆತ್ತಿಸಿದರು. ಅದೇ ಸ್ತೂಪದಲ್ಲಿ ಸಾತವಾಹನ ರಾಜರೂ ಇದ್ದಾರೆ. ಸಾತಕರ್ಣಿ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆ ಒಪ್ಪಿಸುತ್ತಿದ್ದಾನೆ, ಪುಳುಮಾವಿ ಉಜ್ಜಯಿನಿಯನ್ನು ಬಿಟ್ಟುಕೊಡುತ್ತಿದ್ದಾನೆ. ರಾಜರ ಕಥೆ ಇಷ್ಟು ಸಾಕು. ಅದನ್ನು ಪಠ್ಯಪುಸ್ತಕದವರು ಬರೆದುಕೊಳ್ಳುತ್ತಾರೆ.

ನಾವು ನೋಡಬೇಕಾದ್ದು ಉಳಿದ ಬರಹಗಳನ್ನು. ಕನಗನಹಳ್ಳಿಯ ಕಲ್ಲುಗಳ ಮೇಲೆ ನೂರಾರು ಸಣ್ಣ ಸಣ್ಣ ಶಾಸನಗಳಿವೆ. ಅವನ್ನೆಲ್ಲ ಕೂಡಿಸಿ, ಓದಿ, ಮೈಕೊ ನಕನಿಶಿ ಮತ್ತು ಆಸ್ಕರ್ ಫಾನ್ ಹಿನ್ಯೂಬರ್ ಎಂಬ ವಿದ್ವಾಂಸರು 2014ರಲ್ಲಿ ಟೋಕಿಯೊದಿಂದ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಕಲ್ಲು ನಮ್ಮ ಹೊಲದ್ದು, ಓದು ಜಪಾನಿನಿಂದ ಬಂತು. ಇರಲಿ, ಓದಿದವರಿಗೆ ಶರಣು. ಅವುಗಳಲ್ಲಿ ಬಹಳಷ್ಟು ದಾನದ ಬರಹಗಳು. ಈ ಕಲ್ಲು ಇಂಥವರ ದಾನ, ಇಂಥ ಊರಿನವರ ದಾನ, ಇಂಥವನ ಹೆಂಡತಿಯ ದಾನ, ಇಂಥ ಭಿಕ್ಷುಣಿಯ ದಾನ ಎಂದು. ಅಂದರೆ ಈ ಮಹಾಸ್ತೂಪ ಒಬ್ಬ ರಾಜನ ಬೊಕ್ಕಸದಿಂದ ಎದ್ದದ್ದಲ್ಲ. ಒಕ್ಕಲು, ಮನೆವಂದಿಗರು, ಹೆಂಗಸರು, ಸಂನ್ಯಾಸ ತೆಗೆದುಕೊಂಡ ಬಡವರು, ಒಬ್ಬೊಬ್ಬರೂ ಒಂದೊಂದು ಕಲ್ಲು ಕೊಟ್ಟು ಎತ್ತಿದ್ದು. ಕೊಟ್ಟವರ ಹೆಸರು ಕಲ್ಲಿನ ಮೇಲೆಯೇ ಇದೆ. ಸ್ತೂಪ ಅನ್ನುವುದು ಒಂದು ಹಾಜರಿ ಪುಸ್ತಕ.

ಇದೇ ಪರಂಪರೆಯ ಇನ್ನೊಂದು ಸ್ತೂಪದ ಹಾಜರಿ ಪುಸ್ತಕದಲ್ಲಿ ನಮ್ಮವನೊಬ್ಬನ ಹೆಸರಿದೆ. ಆಂಧ್ರದ ಅಮರಾವತಿ. ಕೃಷ್ಣಾ ನದಿಯ ದಂಡೆ. ನಮ್ಮ ಭೀಮೆ ಹೋಗಿ ಸೇರುವ ಕೃಷ್ಣೆಯೇ. ಅಲ್ಲಿ ತುಂಬಿದ ಕೊಡ ಕೆತ್ತಿದ ಒಂದು ಹಾಸುಗಲ್ಲಿದೆ. ಅದನ್ನು ಕೊಟ್ಟವನು ವಿಧಿಕ. ತನ್ನನ್ನು ಅವನು ‘ಚಮ್ಮಕಾರ’ ಎಂದು ಹೇಳಿಕೊಂಡಿದ್ದಾನೆ. ಚರ್ಮದ ಕೆಲಸದವನು. ಅಪ್ಪನ ಹೆಸರು ನಾಗ, ಅಪ್ಪನ ಕಸುಬು ಉಪಾಧ್ಯಾಯ. ತಾಯಿ, ಹೆಂಡತಿ, ಅಣ್ಣತಮ್ಮಂದಿರು, ಮಗ, ಹೆಣ್ಣುಮಕ್ಕಳು ಎಲ್ಲರ ಜೊತೆ ಸೇರಿ ಈ ಕಲ್ಲನ್ನು ಕೊಟ್ಟೆ ಎಂದು ಬರೆಸಿದ್ದಾನೆ. ಓದುವಾಗ ಎದೆ ಝಲ್ಲೆನ್ನುತ್ತದೆ. ಚಮ್ಮಾರನ ಅಪ್ಪ ಮೇಷ್ಟ್ರು! ಚಮ್ಮಾರನ ಕಲ್ಲು ಮಹಾಚೈತ್ಯಕ್ಕೆ! ಅವನು ತನ್ನ ಕಸುಬನ್ನು ಮುಚ್ಚಿಟ್ಟುಕೊಂಡಿಲ್ಲ, ಕಲ್ಲಿನ ಮೇಲೆ ಬರೆಸಿದ್ದಾನೆ. ಆ ಕಲ್ಲು ಮುಟ್ಟಿದರೆ ಮೈಲಿಗೆ ಅಂತ ಯಾರೂ ಹೊರಗೆ ಎಸೆದಿಲ್ಲ. ನಮ್ಮ ಕೇರಿಯ ಹುಡುಗರಿಗೆ ಇಂಥ ವಿಷಯ ಯಾವ ಶಾಲೆಯಲ್ಲಿ ಹೇಳಿಕೊಟ್ಟರು? ಚರ್ಮ ಹದ ಮಾಡೋನು ಊರ ಹೊರಗೇ ಇದ್ದ, ಅನಾದಿಯಿಂದ ಹಾಗೇ ಇತ್ತು ಅಂತ ತಾನೆ ಹೇಳಿದ್ದು?

ಬಾಬಾಸಾಹೇಬರು 1948ರಲ್ಲಿ ‘ದಿ ಅನ್‌ಟಚಬಲ್ಸ್’ ಎಂಬ ಪುಸ್ತಕದಲ್ಲಿ ಒಂದು ವಾದ ಮಂಡಿಸಿದರು. ಸೋತು ಚದುರಿದ ಕುಲಗಳ ‘ಒಡೆದ ಜನ’ ಊರ ಅಂಚಿನಲ್ಲಿ ನೆಲೆಸಿದರು, ಅವರು ಬೌದ್ಧರಾಗಿದ್ದರು, ಬೌದ್ಧಧರ್ಮವನ್ನು ಬಿಡಲಿಲ್ಲ ಎಂಬುದೂ ಅವರನ್ನು ಮುಟ್ಟಬಾರದವರನ್ನಾಗಿ ಮಾಡಿದ್ದಕ್ಕೆ ಒಂದು ಕಾರಣ ಎಂದು. ಇತಿಹಾಸಕಾರರಲ್ಲಿ ಬಹಳ ಮಂದಿ ಇದನ್ನು ಒಪ್ಪುವುದಿಲ್ಲ, ಸಾಕ್ಷ್ಯ ಸಾಲದು ಅನ್ನುತ್ತಾರೆ. ಒಪ್ಪದಿರಲಿ, ಚರ್ಚೆ ನಡೆಯಲಿ. ಆದರೆ ದಲಿತ ಅನ್ನುವ ಪದದ ಅರ್ಥವೂ ಒಡೆದದ್ದು, ತುಳಿದು ಚೂರು ಮಾಡಿದ್ದು ಅಂತಲೇ. ಆದ್ದರಿಂದ ಒಡೆದ ಕಲ್ಲನ್ನು ಕೂಡಿಸುವ ಕೆಲಸ ನಡೆಯುತ್ತಿದೆ ಎಂದರೆ ನಾವು ಕಿವಿ ನಿಮಿರಿಸಿ ಕೇಳಬೇಕಾಗುತ್ತದೆ. ಯಾರು ಕೂಡಿಸುತ್ತಿದ್ದಾರೆ, ಹೇಗೆ ಕೂಡಿಸುತ್ತಿದ್ದಾರೆ, ಯಾವ ಚೂರನ್ನು ಎಲ್ಲಿಗೆ?

ಅಮರಾವತಿಯನ್ನು ಮಾತ್ರ ಇನ್ನು ಕೂಡಿಸಲಾಗದು. 1790ರ ದಶಕದಲ್ಲಿ ಜಮೀನ್ದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯಡು ತನ್ನ ಹೊಸ ಊರು ಕಟ್ಟಲು ಆ ದಿಬ್ಬದ ಕಲ್ಲು ಎತ್ತಿಸಿದ. ಕೆತ್ತನೆಯ ಕಲ್ಲುಗಳು ಮೆಟ್ಟಿಲಾದವು, ಗೋಡೆಯಾದವು. ಅದು ಸುಣ್ಣದ ಕಲ್ಲು, ಸುಟ್ಟರೆ ಸುಣ್ಣ. ಎಷ್ಟೋ ಶಿಲ್ಪಗಳು ಸುಣ್ಣದ ಗೂಡಿಗೆ ಹೋದವು. ಕಾಲಿನ್ ಮೆಕೆಂಜಿ ಬಂದು ನೋಡಿ ಚಿತ್ರ ಬರೆಸಿದ. 1845ರಲ್ಲಿ ವಾಲ್ಟರ್ ಎಲಿಯಟ್ ಅಗೆದು ಕಲ್ಲುಗಳನ್ನು ಮದರಾಸಿಗೆ ಸಾಗಿಸಿದ. ಅಲ್ಲಿಂದ ನೂರಕ್ಕೂ ಹೆಚ್ಚು ಕಲ್ಲುಗಳು 1859ರಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೋದವು, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಇನ್ನಷ್ಟು ಚೆನ್ನೈನ ಎಗ್ಮೋರ್ ವಸ್ತುಸಂಗ್ರಹಾಲಯದಲ್ಲಿವೆ. ಒಂದು ಕಾಲದಲ್ಲಿ ಇಡೀ ದಕ್ಷಿಣದಲ್ಲೇ ದೊಡ್ಡದಾಗಿದ್ದ ಸ್ತೂಪದ ಜಾಗದಲ್ಲಿ ಉಳಿದದ್ದು ಒಂದು ತಗ್ಗು ದಿಬ್ಬ. ನಮ್ಮ ಜಮೀನ್ದಾರ ಮೆಟ್ಟಿಲಿಗೆ ಒಯ್ದ, ಬಿಳಿಯ ದೊರೆ ಮ್ಯೂಸಿಯಮ್ಮಿಗೆ ಒಯ್ದ. ಬಿಳಿಯ ದೊರೆ ಕೊಂಡೊಯ್ದದ್ದು ಕನಿಷ್ಠ ಕಣ್ಣಿಗೆ ಕಾಣುವಂತಿದೆ ಅಂತ ಸಮಾಧಾನ ಹೇಳುವವರಿದ್ದಾರೆ. ಅದೆಂಥ ಸಮಾಧಾನವೋ.

ಸಾಂಚಿಯ ಕಥೆ ಬೇರೆ, ಕೆಲಸ ಕಲಿಯುವವರಿಗೆ ಅದೇ ಪಾಠಶಾಲೆ. 1822ರಲ್ಲಿ ಕ್ಯಾಪ್ಟನ್ ಜಾನ್ಸನ್ ಎಂಬ ಅಧಿಕಾರಿ ಒಳಗೆ ನಿಧಿ ಇದ್ದೀತು ಅಂತ ದೊಡ್ಡ ಸ್ತೂಪವನ್ನು ಒಂದು ಮಗ್ಗುಲಿನಲ್ಲಿ ಮೇಲಿನಿಂದ ಬುಡದ ತನಕ ಸೀಳಿದ. ಒಳಗೆ ಏನೂ ಸಿಗಲಿಲ್ಲ. ಸೀಳಿದ ಕಡೆಯಿಂದ ಸ್ತೂಪ ಕುಸಿಯುತ್ತ ಬಂತು, ಪಶ್ಚಿಮದ ತೋರಣ ಬಿತ್ತು, ಕಟಾಂಜನ ಬಿತ್ತು. ಅರವತ್ತು ವರ್ಷ ಹಾಗೇ ಬಿದ್ದಿತ್ತು. 1881ರಿಂದ ಮೇಜರ್ ಕೋಲ್ ಸೀಳು ತುಂಬಿಸಿ, ಬಿದ್ದ ತೋರಣಗಳನ್ನು ಎತ್ತಿ ನಿಲ್ಲಿಸಿದ. ಒಳ್ಳೆಯ ಕೆಲಸವೇ. ಆದರೆ ದಕ್ಷಿಣದ ತೋರಣ ಎತ್ತಿ ನಿಲ್ಲಿಸುವಾಗ ಮೇಲಿನ ಮತ್ತು ಕೆಳಗಿನ ಅಡ್ಡತೊಲೆಗಳು ಹಿಂದುಮುಂದಾದವು. ಬಂದವರಿಗೆ ಎದುರಾಗಬೇಕಿದ್ದ ಹೆಚ್ಚು ಚೆಂದದ ಕೆತ್ತನೆ ಒಳಮುಖವಾಗಿ ಸ್ತೂಪವನ್ನು ನೋಡುತ್ತ ನಿಂತಿತು. ಈಗಲೂ ಹಾಗೇ ನಿಂತಿದೆ. ಎರಡು ಸಾವಿರ ವರ್ಷದ ಹಿಂದಿನ ಶಿಲ್ಪಿ ಮಾಡಿದ್ದನ್ನು ರಿಪೇರಿಯವನು ತಿರುಗಿಸಿಟ್ಟ. ಎತ್ತಿ ನಿಲ್ಲಿಸುವ ಆತುರದಲ್ಲಿ ಓದುವ ಕೆಲಸ ತಪ್ಪಿದರೆ ಹೀಗಾಗುತ್ತದೆ.

ಆ ಮೇಲೆ 1912ರಿಂದ 1919ರ ತನಕ ಜಾನ್ ಮಾರ್ಷಲ್ ಸಾಂಚಿಯನ್ನು ಒಂದು ಹದಕ್ಕೆ ತಂದ. ಭೋಪಾಲದ ಬೇಗಂ ಸುಲ್ತಾನ್ ಜಹಾನ್ ಅದಕ್ಕೆ ನೆರವಾದಳು, ಅಲ್ಲೊಂದು ವಸ್ತುಸಂಗ್ರಹಾಲಯ ಕಟ್ಟಲೂ ಹಣ ಕೊಟ್ಟಳು. ಮುಸಲ್ಮಾನ ರಾಣಿಯೊಬ್ಬಳು ಬುದ್ಧನ ಸ್ತೂಪವನ್ನು ಉಳಿಸಲು ಹಣ ಕೊಟ್ಟದ್ದನ್ನು ಇಂದಿನ ದಿನಗಳಲ್ಲಿ ಎರಡು ಸಲ ಹೇಳಬೇಕು. ಸಾಂಚಿಯ ಕಲ್ಲುಗಳು ಲಂಡನ್ನಿಗೆ, ಪ್ಯಾರಿಸ್ಸಿಗೆ ಹೋಗದೆ ಇದ್ದ ಜಾಗದಲ್ಲೇ ಎದ್ದು ನಿಂತದ್ದು ಸಣ್ಣ ಮಾತಲ್ಲ.

ಈಗ ಕನಗನಹಳ್ಳಿಗೆ ಬನ್ನಿ. ಅಗೆತ ಮುಗಿದ ಮೇಲೆ ಎರಡು ದಶಕ ಆ ಕಲ್ಲುಗಳು ಕಾದವು. ಕೆಲವು ತಗಡಿನ ಚಪ್ಪರದಡಿ, ಕೆಲವು ಬಯಲಲ್ಲಿ. ಕಲಬುರಗಿಯ ಬಿಸಿಲು ಹೇಗಿರುತ್ತೆ ಅಂತ ಹೇಳಬೇಕಿಲ್ಲ. ಇದು ಶಹಾಬಾದ್ ಸೀಮೆಯ ಸುಣ್ಣದ ಕಲ್ಲು. ಪದರ ಪದರವಾಗಿ ಬಿಡುವುದೇ ಅದರ ಗುಣ. ಅದಕ್ಕೇ ನಮ್ಮ ಜನ ಅದನ್ನು ಪರಸಿ ಮಾಡಿ ಮನೆಗೆ ಹಾಸುತ್ತಾರೆ, ಮಾಳಿಗೆಗೂ ಹೊದಿಸುತ್ತಾರೆ. ಕೆತ್ತಿದ ಕಲ್ಲಿಗೆ ಅದೇ ಗುಣ ಶಾಪವಾಗುತ್ತದೆ. ಹಗಲು ಕಾದು, ರಾತ್ರಿ ಆರಿ, ಮಳೆಗಾಲದಲ್ಲಿ ಬಿರುಕಿಗೆ ನೀರು ಇಳಿದರೆ ಮೇಲಿನ ಪದರ ಹಪ್ಪಳದ ಹಾಗೆ ಎದ್ದುಬಿಡುತ್ತದೆ. ಎದ್ದ ಪದರದ ಮೇಲೆ ಯಾರದ್ದೋ ಹೆಸರು ಇದ್ದರೆ ಅದೂ ಹೋಯಿತು. 2022ರಲ್ಲಿ ಪುರಾತತ್ವ ಇಲಾಖೆ ಸ್ತೂಪವನ್ನು ಮತ್ತೆ ಜೋಡಿಸುವ ಕೆಲಸ ಕೈಗೆತ್ತಿಕೊಂಡಿತು. ಸುಮಾರು 3.5 ಕೋಟಿ ರೂಪಾಯಿಯ ಕೆಲಸ ಅಂತ ಪತ್ರಿಕೆಗಳು ಬರೆದವು. ತಡವಾಯಿತು. ಆದರೂ ಆಗಲಿ.

ಇಲ್ಲಿ ‘ಜೀರ್ಣೋದ್ಧಾರ’ ಅನ್ನುವ ಪದದ ಬಗ್ಗೆ ಸ್ವಲ್ಪ ತಕರಾರು ಎತ್ತಬೇಕು. ನಮ್ಮೂರುಗಳಲ್ಲಿ ಜೀರ್ಣೋದ್ಧಾರ ಅಂದರೆ ಏನು ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಹಳೆಯ ಕಂಬಕ್ಕೆ ಆಯಿಲ್ ಪೇಂಟ್ ಬಳಿಯುತ್ತಾರೆ, ಶಾಸನದ ಮೇಲೆ ಸುಣ್ಣ ಹೊಡೆಯುತ್ತಾರೆ, ಗೋಡೆಗೆ ಬಚ್ಚಲುಮನೆಯ ಟೈಲ್ಸು ಅಂಟಿಸುತ್ತಾರೆ, ಮೇಲೆ ಸಿಮೆಂಟಿನ ಗೋಪುರ ಎಬ್ಬಿಸುತ್ತಾರೆ. ಆಮೇಲೆ ಹಣ ಕೊಟ್ಟ ಸಾಹುಕಾರನ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುತ್ತಾರೆ. ಗಾರೆ ಕಲಸಿದವಳ ಹೆಸರು ಎಲ್ಲೂ ಇರುವುದಿಲ್ಲ. ಇದು ಉದ್ಧಾರವಲ್ಲ, ಹಳೆಯದರ ಮೇಲೆ ಹೊಸ ಯಜಮಾನ ಕೂರುವುದು. ಸನ್ನತಿಯಲ್ಲಿ ತೂತು ಕೊರೆದದ್ದೂ ಇಂಥದೇ ಒಂದು ಜೀರ್ಣೋದ್ಧಾರದಲ್ಲಿ ಇದ್ದೀತು.

ಸ್ಮಾರಕದ ರಿಪೇರಿ ಹಾಗಲ್ಲ. 1964ರಲ್ಲಿ ವೆನಿಸ್ಸಿನಲ್ಲಿ ಜಗತ್ತಿನ ತಜ್ಞರು ಸೇರಿ ಕೆಲವು ನಿಯಮ ಮಾಡಿಕೊಂಡರು. ಬಿದ್ದ ಮೂಲ ಚೂರುಗಳನ್ನು ಅವುಗಳ ಜಾಗದಲ್ಲಿ ಮತ್ತೆ ಜೋಡಿಸಬಹುದು. ಚೂರು ಸಿಗದ ಕಡೆ ಹೊಸದನ್ನು ಹಾಕಲೇಬೇಕಾದರೆ ಅದು ಹೊಸದು ಅಂತ ನೋಡುವವನ ಕಣ್ಣಿಗೆ ತಿಳಿಯಬೇಕು. ಮುಖ್ಯವಾದದ್ದು ಇದು: ಊಹೆ ಶುರುವಾಗುವ ಕಡೆ ಕೈ ನಿಲ್ಲಬೇಕು. ಕೇಳಲು ಸುಲಭ, ಮಾಡಲು ಕಷ್ಟ. ಪ್ರತಿ ಚೂರಿಗೂ ಒಂದು ನಂಬರು ಹಾಕಬೇಕು, ಅಳತೆ ತೆಗೆಯಬೇಕು, ಚಿತ್ರ ಬರೆಯಬೇಕು. ಒಡೆದ ಬಾಯಿಗೆ ಒಡೆದ ಬಾಯಿ ಹಿಡಿದು ನೋಡಬೇಕು. ಕೆತ್ತನೆಯ ಗೆರೆ ಈ ಚೂರಿನಿಂದ ಆ ಚೂರಿಗೆ ಹರಿಯುತ್ತದೆಯೇ? ಅಕ್ಷರದ ಅರ್ಧ ಇಲ್ಲಿ, ಇನ್ನರ್ಧ ಅಲ್ಲಿ ಇದೆಯೇ? ಜೋಡಿ ಸಿಕ್ಕ ಮೇಲೂ ಅವಸರ ಸಲ್ಲ. ಒಳಗೆ ಸರಳು ಕೂರಿಸುವುದಾದರೆ ಕಬ್ಬಿಣ ಕೂಡದು. ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿ ಕಲ್ಲನ್ನು ಒಳಗಿಂದಲೇ ಸೀಳುತ್ತದೆ. ತುಕ್ಕು ಹಿಡಿಯದ ಉಕ್ಕು ಬೇಕು. ಸಂದು ತುಂಬಲು ಸಿಮೆಂಟಿಗಿಂತ ಸುಣ್ಣದ ಗಾರೆ ವಾಸಿ. ಸಿಮೆಂಟು ಕಲ್ಲಿಗಿಂತ ಗಡಸು, ಬಗ್ಗುವುದಿಲ್ಲ. ತನ್ನೊಳಗಿನ ಉಪ್ಪನ್ನು ಕಲ್ಲಿಗೆ ದಾಟಿಸುತ್ತದೆ. ವಾಡಿಯ ಸಿಮೆಂಟು ಕಾರ್ಖಾನೆ ಇರುವುದು ಅದೇ ತಾಲೂಕಿನಲ್ಲಿ. ಅದೇ ಸುಣ್ಣದ ಕಲ್ಲನ್ನು ಪುಡಿ ಮಾಡಿ ಸುಟ್ಟು ಸಿಮೆಂಟು ಮಾಡುತ್ತಾರೆ. ಆ ಸಿಮೆಂಟು ಈ ಕಲ್ಲಿಗೆ ಮದ್ದಲ್ಲ.

ಹಾಗಾದರೆ ಅಶೋಕನ ಶಾಸನದ ಕಲ್ಲಿನ ತೂತನ್ನು ಏನು ಮಾಡಬೇಕು? ಹೊಸ ಕಲ್ಲು ಕೂರಿಸಿ, ಹೋದ ಅಕ್ಷರ ಕೆತ್ತಿ ಮುಚ್ಚೋಣ ಅಂತ ಯಾರಾದರೂ ಅಭಿಮಾನದಿಂದ ಹೇಳಬಹುದು. ಅಂಥ ಅಭಿಮಾನ ನಮಗೆ ಬೇಡ. ಹದಿನಾಲ್ಕನೆಯ ಶಾಸನದಲ್ಲಿ ಅಶೋಕನೇ ಹೇಳುತ್ತಾನೆ, ಕೆಲವು ಕಡೆ ಬರಹ ಅಪೂರ್ಣವಾಗಿರಬಹುದು, ಲಿಪಿಕಾರನ ತಪ್ಪಿನಿಂದಲೂ ಹಾಗಾಗಿರಬಹುದು ಎಂದು. ಚಕ್ರವರ್ತಿಯೇ ತನ್ನ ಶಾಸನದಲ್ಲಿ ತಪ್ಪಿದೆ ಎಂದು ಒಪ್ಪಿಕೊಂಡಿದ್ದಾನೆ, ನಾವು ಯಾಕೆ ತಿದ್ದಲು ಹೋಗಬೇಕು? ಅದೂ ಅಲ್ಲದೆ ಆ ತೂತೇ ಒಂದು ಶಾಸನ. ಈ ನೆಲದಲ್ಲಿ ಬೌದ್ಧಧರ್ಮಕ್ಕೆ ಏನಾಯಿತು ಅನ್ನುವುದನ್ನು ನಾಲ್ಕು ಪುಸ್ತಕ ಓದಿ ತಿಳಿಯಬೇಕಾದ್ದನ್ನು ಆ ತೂತು ಒಂದೇ ನೋಟದಲ್ಲಿ ತೋರಿಸುತ್ತದೆ. ಅದನ್ನು ಮುಚ್ಚಿದರೆ ಸಾಕ್ಷಿಯ ಬಾಯಿ ಮುಚ್ಚಿದ ಹಾಗೆ. ಕನಗನಹಳ್ಳಿಯ ಹಾಸುಗಲ್ಲುಗಳಿಗೂ ಇದೇ ಮಾತು. ಮುರಿದ ಮೂಗು ಮುರಿದೇ ಇರಲಿ. ಅಶೋಕನ ಕಲ್ಲಿನ ಮೇಲಿನ ಬಿರುಕಿನ ಗೆರೆಗಳು ಕಾಣಲಿ.

ಇನ್ನೊಂದು ಭಯ ಇದೆ, ಅದನ್ನೂ ಹೇಳಿಬಿಡುತ್ತೇನೆ. ಈಗ ಎಲ್ಲ ಸ್ಮಾರಕವೂ ಪ್ರವಾಸೋದ್ಯಮ. ಹುಲ್ಲುಹಾಸು, ಬಣ್ಣದ ದೀಪ, ಸೆಲ್ಫಿ ತೆಗೆಯುವ ಕಟ್ಟೆ. ರಾಜಕೀಯದವರು ಬರುತ್ತಾರೆ, ಬುದ್ಧನಿಗೆ ಹಾರ ಹಾಕುತ್ತಾರೆ, ಫೋಟೊ ಆದ ಮೇಲೆ ಹೋಗುತ್ತಾರೆ. ಅತ್ತ ಸ್ತೂಪ ಎದ್ದು ನಿಲ್ಲುತ್ತದೆ, ಇತ್ತ ಅದರ ಮೇಲಿನ ಹೆಸರುಗಳು ಯಾರಿಗೂ ಗೊತ್ತಾಗದೆ ಉಳಿಯುತ್ತವೆ. ಫಲಕದಲ್ಲಿ ಸಾತವಾಹನ ರಾಜರ ಪಟ್ಟಿ ಇರುತ್ತದೆ. ಕಲ್ಲು ಕೊಟ್ಟ ಹೆಂಗಸಿನ ಹೆಸರು ಇರುತ್ತದೆಯೇ? ಭಿಕ್ಷುಣಿಯ ಹೆಸರು ಇರುತ್ತದೆಯೇ? ಕನ್ನಡದಲ್ಲಿ ಇರುತ್ತದೆಯೇ? ಇದು ತಕರಾರಿಗಾಗಿ ತಕರಾರಲ್ಲ. ಒಂದೊಂದು ಹಾಸುಗಲ್ಲಿನ ಮುಂದೆಯೂ ಅದರ ಬ್ರಾಹ್ಮಿ ಬರಹ, ಅದರ ಕನ್ನಡ ಓದು, ಕೊಟ್ಟವರ ಹೆಸರು, ಊರು ಬರೆದಿಡುವುದಕ್ಕೆ ಕೋಟಿ ಬೇಕಿಲ್ಲ. ಮನಸ್ಸು ಬೇಕು, ಓದಿದ ನಾಲ್ಕು ಜನ ಬೇಕು. ಓದು ಆಗಲೇ ಪುಸ್ತಕವಾಗಿ ಬಂದಿದೆ, ಅದನ್ನು ಕನ್ನಡಕ್ಕೆ ಇಳಿಸಿ ಹಲಗೆಗೆ ಹಚ್ಚಬೇಕು, ಅಷ್ಟೆ.

ಇನ್ನು ದುಡಿದವರ ಮಾತು. ಅಗೆತದ ವರದಿಗಳಲ್ಲಿ ಸಾಮಾನ್ಯವಾಗಿ ನಿರ್ದೇಶಕರ ಹೆಸರು ಇರುತ್ತದೆ, ಸಹಾಯಕರ ಹೆಸರು ಇರುತ್ತದೆ, ನಕ್ಷೆ ಬರೆದವರ, ಫೋಟೊ ತೆಗೆದವರ ಹೆಸರು ಇರುತ್ತದೆ. ಪಿಕಾಸಿ ಹಿಡಿದವರ, ಬುಟ್ಟಿ ಹೊತ್ತವರ ಹೆಸರು ಹುಡುಕಿ ನೋಡಿ. ಎರಡು ಸಾವಿರ ವರ್ಷದ ಹಿಂದೆ ಕಲ್ಲು ಕೊಟ್ಟ ಚಮ್ಮಾರನ ಹೆಸರು ನಮಗೆ ಗೊತ್ತಿದೆ, ಮೊನ್ನೆ ಮಣ್ಣು ತೆಗೆದವಳ ಹೆಸರು ಗೊತ್ತಿಲ್ಲ! ಸ್ತೂಪ ಕಟ್ಟಿದವರ ನ್ಯಾಯ ಇವರಿಗಿಂತ ದೊಡ್ಡದಾಗಿತ್ತು ಅಂದರೆ ತಪ್ಪೇ? ಈ ಸೀಮೆಯಲ್ಲಿ ಕಲ್ಲು ಅಂದರೆ ಏನು ಅಂತ ಯಾರಿಗೆ ಗೊತ್ತು? ಪರಸಿ ಗಣಿಯಲ್ಲಿ ತಲೆತಲಾಂತರದಿಂದ ಉಳಿ ಸುತ್ತಿಗೆ ಹಿಡಿದವರಿಗೆ. ಪದರ ಯಾವ ಕಡೆ ಬಿಡುತ್ತದೆ, ಎಲ್ಲಿ ತಟ್ಟಿದರೆ ಸದ್ದು ಗಟ್ಟಿ, ಎಲ್ಲಿ ತಟ್ಟಿದರೆ ಒಳಗೆ ಬಿರುಕು, ಅದು ಅವರ ಕೈಗೆ ಗೊತ್ತು. ಹೊರಗಿನಿಂದ ಗುತ್ತಿಗೆದಾರ ಬಂದು ಕೆಲಸ ಮಾಡಿಸಿ ಹೋಗುವ ಬದಲು ಶಹಾಬಾದಿನ, ಚಿತ್ತಾಪುರದ ಆ ಕೈಗಳಿಗೆ ತರಬೇತಿ ಕೊಟ್ಟರೆ ಸ್ತೂಪಕ್ಕೂ ಒಳ್ಳೆಯದು, ಅವರ ಹೊಟ್ಟೆಗೂ ಒಳ್ಳೆಯದು. ಸನ್ನತಿಯ ರಣಮಂಡಲದ ಕೋಟೆ ಪ್ರದೇಶದಲ್ಲಿ ಅಗೆಯಬೇಕಾದ್ದು ಇನ್ನೂ ಬಹಳ ಇದೆ. ಕೆಲಸ ಒಂದು ವರ್ಷಕ್ಕೆ ಮುಗಿಯುವಂಥದ್ದಲ್ಲ.

ಆ ಕಡೆಯ ಮೇಷ್ಟರುಗಳಲ್ಲಿ ಒಂದು ಕೇಳಿಕೆ. ಪ್ರವಾಸ ಅಂತ ಮಕ್ಕಳನ್ನು ಮೈಸೂರಿನ ಅರಮನೆಗೆ ಕರೆದೊಯ್ಯುವ ಮುಂಚೆ ಒಂದು ದಿನ ಕನಗನಹಳ್ಳಿಗೆ ಕರೆದುಕೊಂಡು ಹೋಗಿ. ಹೋಗುವ ಹಿಂದಿನ ದಿನ ಬೋರ್ಡಿನ ಮೇಲೆ ಐದು ಅಕ್ಷರ ಬರೆಸಿ: ರಾ, ಯೋ, ಅ, ಸೋ, ಕೋ. ನಮ್ಮ ಕನ್ನಡದ ಅಕ್ಷರಗಳ ಅಜ್ಜ ಈ ಬ್ರಾಹ್ಮಿಯೇ. ಬಹಳ ಸುಲಭ. ‘ರ’ ಅಂದರೆ ಒಂದು ನಿಂತ ಗೆರೆ. ‘ಕ’ ಅಂದರೆ ಲೆಕ್ಕದಲ್ಲಿ ಕೂಡಿಸುವ ಗುರುತು ಇದೆಯಲ್ಲ, ಅದೇ. ಅಷ್ಟು ಕಲಿತ ಮೂರನೇ ಇಯತ್ತೆಯ ಹುಡುಗಿ ಆ ಕಲ್ಲಿನ ಮುಂದೆ ನಿಂತು, ಯಾರ ಸಹಾಯವೂ ಇಲ್ಲದೆ, ಬೆರಳಿಟ್ಟು ಓದಬಲ್ಲಳು.